ಮಗುವನ್ನು ಒಳಗೆ ಕರೆಯುವ ಮುನ್ನ: ಮಾಡಬೇಕಾದ್ದು, ಮಾಡಬಾರದ್ದು

ಎರಡರಿಂದ ಹತ್ತು ವರ್ಷದ ಮಕ್ಕಳನ್ನೂ ಅವರ ಮನೆಯವರನ್ನೂ ನೋಡುವ ಆಪ್ತಸಮಾಲೋಚಕರಿಗೆ, ಮನಶ್ಶಾಸ್ತ್ರಜ್ಞರಿಗೆ, ಮನೋಸಾಮಾಜಿಕ ಕಾರ್ಯಕರ್ತರಿಗೆ ಈ ಸೂಚನೆ. ಹೊಸಬರು ಮೊದಲ ಮಗುವನ್ನು ಒಳಗೆ ಕರೆಯುವ ಮುನ್ನ ಓದಿ. ಹಳಬರು ಇನ್ನೊಮ್ಮೆ ಓದಿ. ಅಭ್ಯಾಸಬಲದ ತಪ್ಪುಗಳು ಹಳಬರವೇ.

ಚಿಕಿತ್ಸೆ ಹಿಡಿಸದಿದ್ದರೆ ದೊಡ್ಡವರು ಎದ್ದು ಹೋಗುತ್ತಾರೆ, ಬೇರೆಯವರನ್ನು ಹುಡುಕುತ್ತಾರೆ, ದೂರು ಕೊಡುತ್ತಾರೆ. ನಾಲ್ಕು ವರ್ಷದ ಮಗು ಇದಾವುದನ್ನೂ ಮಾಡಲಾರದು. ನೀವು ತಪ್ಪಿದರೆ ಅದು ಮತ್ತೆ ಹಾಸಿಗೆ ಒದ್ದೆ ಮಾಡುತ್ತದೆ, ಇಲ್ಲವೇ ಮಾತು ನಿಲ್ಲಿಸುತ್ತದೆ. ಮನೆಯವರು ಅದನ್ನು ಹಟ ಎನ್ನುತ್ತಾರೆ, ಎರಡೇಟು ಹಾಕುತ್ತಾರೆ. ನಿಮ್ಮ ತಪ್ಪಿನ ಏಟು ಬೀಳುವುದು ಅದರ ಬೆನ್ನಿಗೆ.

ಮಗು ಬರುವ ಮುಂಚೆ

ಮಾಡಬೇಕಾದ್ದು

ನಿಮ್ಮ ಓದು, ನೋಂದಣಿ ಸಂಖ್ಯೆ ಎರಡನ್ನೂ ಬಾಗಿಲ ಬಳಿ ಕನ್ನಡದಲ್ಲಿ ಬರೆದು ಹಾಕಿ.
ಮೊದಲ ಭೇಟಿಗೆ ದೊಡ್ಡವರನ್ನಷ್ಟೇ ಕರೆಸಿ.
ಅಪ್ಪನನ್ನೂ ಕರೆಸಿ. ಕೆಲಸ ಬಿಟ್ಟು ಬರಲಾಗದವರಿಗೆ ಸಂಜೆಯ ಹೊತ್ತು ಕೊಡಿ.
ಮನೆಯಲ್ಲಿ ಮಗುವನ್ನು ದಿನವಿಡೀ ನೋಡಿಕೊಳ್ಳುವವರು ಯಾರು ಎಂದು ಕೇಳಿ, ಅವರನ್ನೂ ಕರೆಸಿ. ಬಹಳ ಸಲ ಅದು ಅಜ್ಜಿ.
ಕಿವಿ ಪರೀಕ್ಷೆ ಆಗಿದೆಯೇ ಕೇಳಿ. ಆಗಿಲ್ಲದಿದ್ದರೆ ಮೊದಲು ಅದನ್ನೇ ಮಾಡಿಸಿ.
ಕಣ್ಣು, ರಕ್ತಹೀನತೆ, ಥೈರಾಯ್ಡ್, ನಿದ್ದೆ, ಮಲಬದ್ಧತೆ ವಿಚಾರಿಸಿ.
ಕ್ಷಣಕಾಲ ನೋಟ ನೆಟ್ಟು ನಿಂತುಬಿಡುತ್ತದೆಯೇ, ಮಾತಿನ ನಡುವೆ ಮಾಯವಾಗಿ ಮತ್ತೆ ಬರುತ್ತದೆಯೇ ಎಂದು ಕೇಳಿ. ಹೌದಾದರೆ ಮಕ್ಕಳ ತಜ್ಞರಿಗೆ ಬರೆದುಕೊಡಿ. ಅದು ಗಮನ ಕೊರತೆಯಲ್ಲ, ಮೂರ್ಛೆರೋಗದ ಒಂದು ಬಗೆ ಇರಬಹುದು.
ಕೊಠಡಿಯ ಬಾಗಿಲಿಗೆ ಹೊರಗಿನಿಂದ ಕಾಣುವಂಥ ಗಾಜು ಹಾಕಿಸಿ.
ಆಟಿಕೆ ಕಡಿಮೆ ಇಡಿ: ಅಡುಗೆ ಸಾಮಾನು, ಜೇಡಿಮಣ್ಣು, ಬಣ್ಣದ ಕಡ್ಡಿ, ಬಸ್ಸು, ಆಟೊ, ಮುರಿಯದ ಮರದ ಬೊಂಬೆಗಳು.
ಬೊಂಬೆಗಳ ಸಂಸಾರದಲ್ಲಿ ಅಜ್ಜ, ಅಜ್ಜಿ, ಕೂಸು ಎಲ್ಲರೂ ಇರಲಿ.

ಮಾಡಬಾರದ್ದು

ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾದ ನೋಂದಣಿ ಇಲ್ಲದೆ ‘ಕ್ಲಿನಿಕಲ್ ಸೈಕಾಲಜಿಸ್ಟ್’ ಎಂಬ ಹಲಗೆ ಬೇಡ.
ವಾರಾಂತ್ಯದ ಕೋರ್ಸ್ ಮುಗಿಸಿ ‘ಪ್ಲೇ ಥೆರಪಿಸ್ಟ್’ ಎಂದು ಕರೆದುಕೊಳ್ಳಬಾರದು.
ಮಗುವನ್ನು ಎದುರಿಗೆ ಕೂರಿಸಿಕೊಂಡು ಅದರ ದೂರುಗಳ ಪಟ್ಟಿ ಕೇಳಬಾರದು.
ಬಂಗಾರದ ಕೂದಲ, ನೀಲಿ ಕಣ್ಣಿನ ಬೊಂಬೆಗಳನ್ನಷ್ಟೇ ಇಡಬಾರದು. ತನ್ನ ಮನೆಯವರಂತೆ ಕಾಣದ ಬೊಂಬೆಗಳಲ್ಲಿ ಮಗು ತನ್ನ ಮನೆ ಕಟ್ಟುವುದು ಕಷ್ಟ.
ನಲವತ್ತು ಸಿಟ್ಟಿಂಗ್‌ಗಳ ಪ್ಯಾಕೇಜ್ ಕಟ್ಟಿ ಮುಂಗಡ ಹಣ ತೆಗೆದುಕೊಳ್ಳಬಾರದು.
‘ಮೂರು ತಿಂಗಳಲ್ಲಿ ಮಾತು ಬರುತ್ತೆ’ ಎಂಬ ಗ್ಯಾರಂಟಿ ಬೇಡ.

ಗುಮ್ಮನಾಗಬೇಡಿ

ಕಾಯುವ ಬೆಂಚಿನಲ್ಲಿ ದಿನವೂ ನಡೆಯುವುದು ಇದು. ಮಗು ರಚ್ಚೆ ಹಿಡಿಯುತ್ತದೆ. ಅಮ್ಮ ಹೇಳುತ್ತಾರೆ: “ಸುಮ್ನಿರ್ತೀಯೋ ಇಲ್ವೋ? ಮೇಡಂ ಸೂಜಿ ಹಾಕ್ತಾರೆ ನೋಡು.” ಅಲ್ಲಿಗೆ ನಿಮ್ಮ ಮೊದಲ ಮೂರು ವಾರ ಹೋಯಿತು.

ಆಗಲೇ ಎದ್ದು ಹೊರಗೆ ಬನ್ನಿ. ಮಗುವಿನ ಎತ್ತರಕ್ಕೆ ಕುಕ್ಕುರುಗಾಲಲ್ಲಿ ಕೂತು ಹೇಳಿ: “ನನ್ನ ಹತ್ರ ಸೂಜಿ ಇಲ್ಲ. ಬೇಕಾದ್ರೆ ಬ್ಯಾಗ್ ನೋಡು.” ಬ್ಯಾಗ್ ನಿಜಕ್ಕೂ ತೆರೆದು ತೋರಿಸಿ, ಒಳಗೆ ನೀರಿನ ಬಾಟಲಿ, ಊಟದ ಡಬ್ಬಿ, ಕೊಡೆ ಕಾಣಲಿ. ಅಮ್ಮನನ್ನು ಎಲ್ಲರೆದುರು ಗದರಿಸುವುದು ಬೇಡ. ಒಳಗೆ ಹೋದ ಮೇಲೆ ಅವರಿಗೆ ಮೆಲ್ಲಗೆ ಹೇಳಿ: ಸೂಜಿ, ಪೊಲೀಸ್, ಗುಮ್ಮ, ಹಾಸ್ಟೆಲ್, ಈ ನಾಲ್ಕರ ಹೆದರಿಕೆ ಇನ್ನು ಮುಂದೆ ಬೇಡ. ಪೊಲೀಸ್ ಹೆದರಿಕೆ ವಿಶೇಷವಾಗಿ ಬೇಡ. ಮುಂದೊಂದು ದಿನ ಮಗುವಿಗೆ ಅವರ ನೆರವೇ ಬೇಕಾಗಬಹುದು.

ಕೊಠಡಿಯೊಳಗೆ

ಮಾಡಬೇಕಾದ್ದು

ಮಗುವಿನೊಡನೆ ನೆಲದ ಮೇಲೆ ಕೂರಿ.
ಅಮ್ಮನ ಸೆರಗು ಬಿಡದ ಮಗುವಿನ ಜೊತೆ ಅಮ್ಮನೂ ಇರಲಿ. ಅವರು ಬಾಗಿಲಿನ ಕಡೆಗೆ ವಾರವಾರವೂ ಒಂದೊಂದು ಮಾರು ಸರಿಯಲಿ.
ನಿಯಮ ಮೂರೇ ಹೇಳಿ: ನಿನಗೆ ನೋವು ಮಾಡ್ಕೋಬಾರ್ದು, ನನಗೆ ನೋವು ಮಾಡ್ಬಾರ್ದು, ಸಾಮಾನು ಒಡೀಬಾರ್ದು.
ಆಟವನ್ನು ಮಗುವೇ ಆರಿಸಲಿ.
ಕಂಡದ್ದನ್ನು ಕಂಡ ಹಾಗೆ ಹೇಳಿ: “ಕೂಸನ್ನ ಒಲೆ ಹಿಂದೆ ಇಟ್ಟೆ.”
ಮುಗಿಯುವ ಐದು ನಿಮಿಷ ಮುಂಚೆ ಹೇಳಿ.
ಮಗು ಮನೆಯಲ್ಲಿ ಆಡುವ ಭಾಷೆ ತುಳು, ಉರ್ದು, ಲಂಬಾಣಿ, ಬ್ಯಾರಿ ಯಾವುದೇ ಇರಲಿ, ಅದರ ಹತ್ತು ಪದ ಕಲಿಯಿರಿ: ಹೆದರಿಕೆ, ನೋವು, ಬೇಡ, ಸಾಕು, ಮನೆ, ಹಸಿವು ಮೊದಲಾದವು.

ಮಾಡಬಾರದ್ದು

ಆಟದ ಅರ್ಥ ಹೇಳುವುದು ಬೇಡ.
ಮಗು ಬೇಡವೆಂದರೆ ಮುಟ್ಟಬಾರದು, ಎತ್ತಿಕೊಳ್ಳಬಾರದು, ಮುದ್ದಿಸಬಾರದು.
ಮಾತಾಡಿಸಲು ಚಾಕೊಲೇಟಿನ ಆಮಿಷ ಬೇಡ.
“ಗುಡ್ ಬಾಯ್” ಎಂಬ ಶಹಭಾಸ್‌ಗಿರಿ ಬೇಡ. ನಿಮ್ಮನ್ನು ಮೆಚ್ಚಿಸಲೆಂದು ಮಗು ತನ್ನ ಸಿಟ್ಟನ್ನು ಮುಚ್ಚಿಡುತ್ತದೆ.
ಮನೆಯ ಗುಟ್ಟಿನ ವಿಷಯಕ್ಕೆ ಅಕ್ಕನನ್ನೋ ಅಣ್ಣನನ್ನೋ ದುಭಾಷಿ ಮಾಡಬಾರದು.
ಫೋನ್ ಮೇಜಿನ ಮೇಲೆ ಬೇಡ.

ಅರ್ಥ ಹೇಳುವುದು ಬೇಡ ಎಂದೆನಲ್ಲ, ಅದಕ್ಕೆ ಕಾರಣ ಇದೆ. ನನ್ನ ಮೊದಲ ವರ್ಷದ ತಪ್ಪು ಅದು. ಆರು ವರ್ಷದ ಮಗು ನಾಲ್ಕು ಬೊಂಬೆಗಳಿಗೆ ಸಾಲಾಗಿ ಊಟ ಬಡಿಸಿತು. ಐದನೆಯದನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿತು, ತಟ್ಟೆ ಕೊಡಲಿಲ್ಲ. “ಇದು ಅಪ್ಪನಾ?” ಎಂದು ಕೇಳಿಬಿಟ್ಟೆ. ಮಗು ತಲೆಯಾಡಿಸಿತು. ಮುಂದಿನ ವಾರದಿಂದ ಆ ಬೊಂಬೆಯ ಹೆಸರು ಅಪ್ಪ. ನನ್ನ ಟಿಪ್ಪಣಿಯಲ್ಲೂ ಅಪ್ಪ. ಒಂದು ತಿಂಗಳಾದ ಮೇಲೆ, ಕೇಳದೆಯೇ, ಮಗು ಅದನ್ನು ಕೈಗೆತ್ತಿಕೊಂಡು ಹೇಳಿತು: “ಇದರ ಒಂದು ಕಣ್ಣು ಕಿತ್ತೋಗಿದೆ, ನೋಡಕ್ಕೆ ಭಯ ಆಗುತ್ತೆ.” ಸಣ್ಣ ಮಕ್ಕಳು ದೊಡ್ಡವರ ಪ್ರಶ್ನೆಗೆ ತಲೆಯಾಡಿಸುತ್ತವೆ. ಉತ್ತರ ಗೊತ್ತಿದೆ ಎಂದಲ್ಲ, ಕೇಳಿದವರು ದೊಡ್ಡವರು ಎಂದು.

ಮಗು ಹೇಳಿದ ದಿನ

ಇದೊಂದನ್ನು ಬಾಯಿಪಾಠ ಮಾಡಿ. ಆ ದಿನ ಸೂಚನೆ ತೆರೆದು ನೋಡಲು ಹೊತ್ತು ಸಿಗುವುದಿಲ್ಲ. ಮಗು ಲೈಂಗಿಕ ದೌರ್ಜನ್ಯದ ಮಾತನ್ನು ಮುಖಕ್ಕೆ ಮುಖ ಕೊಟ್ಟು ಹೇಳುವುದು ಅಪರೂಪ. ಬಸ್ಸು ಓಡಿಸುತ್ತಾ, ಬಣ್ಣ ಹಚ್ಚುತ್ತಾ, ಚಪ್ಪಲಿ ಹಾಕಿಕೊಳ್ಳುತ್ತಾ, ಹೊರಡುವ ಹೊತ್ತಿಗೆ ಅರ್ಧ ವಾಕ್ಯ ಬೀಳುತ್ತದೆ.

ಮಾಡಬೇಕಾದ್ದು

ಮಗು ಮಾಡುತ್ತಿದ್ದ ಕೆಲಸ ಮುಂದುವರಿಯಲಿ. ನೀವೂ ಅದೇ ದನಿಯಲ್ಲಿ ಮಾತಾಡಿ.
ಹೇಳಿ: “ಹೇಳಿದ್ದು ಒಳ್ಳೇದಾಯ್ತು. ಇದು ನಿನ್ನ ತಪ್ಪಲ್ಲ.”
ಕೇಳಿ: “ಆಮೇಲೆ ಏನಾಯ್ತು?”
ಕೇಳಿ: “ಅದರ ಬಗ್ಗೆ ಇನ್ನೂ ಸ್ವಲ್ಪ ಹೇಳು.”
ಅಲ್ಲಿಗೆ ನಿಲ್ಲಿಸಿ.
ಮುಂದೇನಾಗುತ್ತದೆ ಎಂದು ನಿಜ ಹೇಳಿ: “ನಿನ್ನನ್ನ ಕಾಪಾಡೋಕೆ ಇದನ್ನ ಇನ್ನೂ ಇಬ್ಬರಿಗೆ ನಾನು ಹೇಳಲೇಬೇಕು.”
ಮಗು ಹೊರಟ ಕೂಡಲೇ ಬರೆಯಿರಿ: ದಿನಾಂಕ, ಸಮಯ, ನೀವು ಕೇಳಿದ ಪ್ರಶ್ನೆ, ಮಗು ಆಡಿದ ಮಾತು.
ಅಂಗಗಳಿಗೆ ಮಗು ಮನೆಯ ಹೆಸರು ಬಳಸಿದರೆ ಅದನ್ನೇ ಬರೆಯಿರಿ. ವೈದ್ಯಕೀಯ ಪದಕ್ಕೆ ತಿದ್ದಿದ ದಿನ ಅದು ಮಗುವಿನ ಹೇಳಿಕೆಯಾಗಿ ಉಳಿಯುವುದಿಲ್ಲ.
ಆರೋಪ ಯಾರ ಮೇಲಿದೆಯೋ ಅವರನ್ನು ಬಿಟ್ಟು ಮನೆಯ ನಂಬಿಕಸ್ತ ದೊಡ್ಡವರೊಬ್ಬರಿಗೆ ತಿಳಿಸಿ.
ಅದೇ ದಿನ ಸ್ಥಳೀಯ ಪೊಲೀಸ್ ಠಾಣೆಗೆ, ಇಲ್ಲವೇ ಜಿಲ್ಲೆಯ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ಮಾಹಿತಿ ಕೊಡಿ; 1098ಕ್ಕೂ ತಿಳಿಸಿ.
ಮಾಹಿತಿ ಕೊಟ್ಟ ಸಮಯ, ತೆಗೆದುಕೊಂಡವರ ಹುದ್ದೆ ಬರೆದಿಟ್ಟುಕೊಳ್ಳಿ.
ಘಟನೆ ಈಚಿನದಾದರೆ ಮಗುವನ್ನು ತಕ್ಷಣ ಆಸ್ಪತ್ರೆಗೆ ಕಳಿಸಿ. ಉಟ್ಟ ಬಟ್ಟೆಯನ್ನು ಒಗೆಯದೆ ಕಾಗದದ ಚೀಲದಲ್ಲಿ ಕೊಡಲು ಹೇಳಿ.

ಮಾಡಬಾರದ್ದು

“ಯಾರಿಗೂ ಹೇಳಲ್ಲ” ಎಂಬ ಮಾತು ಕೊಡಬಾರದು.
“ಮಾಮ ಮಾಡಿದ್ರಾ?” ಎಂದು ಹೆಸರು ನೀವು ಎತ್ತಬಾರದು.
“ಅವತ್ತೇ ಯಾಕೆ ಹೇಳ್ಲಿಲ್ಲ?” ಬೇಡ.
“ನಿಜಾನಾ? ಸುಳ್ಳು ಹೇಳ್ತಿಲ್ಲ ತಾನೇ?” ಬೇಡ.
ಬೊಂಬೆ ಕೈಗಿಟ್ಟು “ಎಲ್ಲಿ ಮುಟ್ಟಿದ್ರು ತೋರ್ಸು” ಎನ್ನಬಾರದು.
ಅಮ್ಮನೆದುರು, ಟೀಚರೆದುರು, ಹಿರಿಯ ವೈದ್ಯರೆದುರು ಮಗುವಿನಿಂದ ಮತ್ತೆ ಹೇಳಿಸಬಾರದು.
ವಿಡಿಯೊ ಮಾಡಬಾರದು.
ಆರೋಪಿಯನ್ನು ಕರೆಸಿ ವಿಚಾರಿಸಬಾರದು.
ದೈಹಿಕ ಪರೀಕ್ಷೆ ಮಾಡಬಾರದು, ಬಟ್ಟೆ ಸರಿಸಿ ನೋಡಬಾರದು.
ಪುರಾವೆ ಸಿಗಲಿ ಎಂದು ಕಾಯಬಾರದು.
ರಾಜಿ ಪಂಚಾಯಿತಿಗೆ ಕೂರಬಾರದು. ಕುರ್ಚಿ ಹಾಕಿಕೊಡುವುದೂ ಬೇಡ.

ಪರಿಣಾಮ ಒಂದೇ ಸಲ ಹೇಳುತ್ತೇನೆ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ದೌರ್ಜನ್ಯ ನಡೆದಿದೆ ಎಂದು ಗೊತ್ತಾದವರು ಮಾತ್ರವಲ್ಲ, ನಡೆಯಬಹುದೆಂಬ ಅಂಜಿಕೆ ಇರುವವರೂ ತಿಳಿಸಲೇಬೇಕು. ಆಪ್ತಸಮಾಲೋಚಕರಿಗೆ ವಿನಾಯಿತಿ ಇಲ್ಲ, ಗೌಪ್ಯತೆಯ ನೆಪ ನಡೆಯುವುದಿಲ್ಲ. ತಿಳಿಸದಿದ್ದರೆ 21ನೇ ಕಲಂ: ಆರು ತಿಂಗಳವರೆಗೆ ಸೆರೆ, ಇಲ್ಲವೇ ದಂಡ, ಇಲ್ಲವೇ ಎರಡೂ. ತನ್ನ ಕೈಕೆಳಗಿನವರು ಎಸಗಿದ್ದನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸೆರೆ. ಸದುದ್ದೇಶದಿಂದ ತಿಳಿಸಿದವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಹೊಣೆ ಬರುವುದಿಲ್ಲ.

ಕಾನೂನಿನ ಮಾತು ಅಷ್ಟು. ಮಗುವಿನ ಮಾತು ಬೇರೆ. ನೀವು ತಿಳಿಸದೆ ಕಳಿಸಿದರೆ ಮಗು ಹೋಗುವುದು ಅದೇ ಮನೆಗೆ, ಮಲಗುವುದು ಅದೇ ಚಾಪೆಯ ಮೇಲೆ.

ಮನೆಯವರು ಪೊಲೀಸರ ಹೆಸರಿಗೇ ನಡುಗುತ್ತಾರೆ. ಅವರಿಗೆ ಇಷ್ಟು ಹೇಳಿ: ಹೇಳಿಕೆಯನ್ನು ಮಗುವಿನ ಮನೆಯಲ್ಲೋ ಅದಕ್ಕೆ ಒಗ್ಗುವ ಜಾಗದಲ್ಲೋ ತೆಗೆದುಕೊಳ್ಳಬೇಕು; ಆದಷ್ಟೂ ಮಹಿಳಾ ಅಧಿಕಾರಿಯೇ ತೆಗೆದುಕೊಳ್ಳಬೇಕು; ಅವರು ಸಮವಸ್ತ್ರದಲ್ಲಿ ಇರಬಾರದು; ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ; ಹೆಣ್ಣುಮಗುವನ್ನು ಪರೀಕ್ಷಿಸುವವರು ಮಹಿಳಾ ವೈದ್ಯರೇ ಆಗಬೇಕು. ದೂರು ದಾಖಲಾಗಿಲ್ಲ ಎಂದು ಆಸ್ಪತ್ರೆ ಚಿಕಿತ್ಸೆ ನಿರಾಕರಿಸುವಂತಿಲ್ಲ. ಇವೆಲ್ಲ ದಯೆದಾಕ್ಷಿಣ್ಯವಲ್ಲ, ಕಾಯ್ದೆ, ನಿಯಮಗಳಲ್ಲೇ ಇರುವ ಮಾತು. ಕಾಗದದ ಮೇಲೆ ಬರೆದು ಅವರ ಕೈಗೆ ಕೊಡಿ. ಠಾಣೆಯ ಮುಂದೆ ನಿಂತಾಗ ನೆನಪು ಕೈಕೊಡುತ್ತದೆ.

ಪ್ರಕರಣ ನಡೆಯುವಷ್ಟು ಕಾಲ ಚಿಕಿತ್ಸೆ ನಿಲ್ಲಿಸಬಾರದು. ಸಾಕ್ಷಿ ಹೇಳುವುದಕ್ಕೆ ಮಗುವನ್ನು ತಯಾರು ಮಾಡುವ ಕೆಲಸವೂ ನಿಮ್ಮ ಕೊಠಡಿಯಲ್ಲಿ ಬೇಡ.

ಬರೆ, ತಾಯತ, ಹರಕೆ

ದೃಷ್ಟಿ ತೆಗೆದಿರುತ್ತಾರೆ. ತಾಯತ ಕಟ್ಟಿಸಿರುತ್ತಾರೆ. ದರ್ಗಾಕ್ಕೂ ಹೋಗಿರುತ್ತಾರೆ, ಮಠಕ್ಕೂ ಹೋಗಿರುತ್ತಾರೆ. ನಗುವುದು ಬೇಡ. ಒಮ್ಮೆ ನಕ್ಕರೆ ಮುಂದೆ ಯಾವುದನ್ನೂ ನಿಮಗೆ ಹೇಳುವುದಿಲ್ಲ, ಬರೆಯನ್ನೂ ಹೇಳುವುದಿಲ್ಲ.

ತಾಯತ ಇರಲಿ. ಹರಕೆ ಇರಲಿ. ಆದರೆ ಕೇಳಿ, ನೇರವಾಗಿ ಕೇಳಿ: “ಬರೆ ಹಾಕಿಸಿದ್ದೀರಾ? ಯಾರಾದ್ರೂ ಹೊಡೆದು, ಹೊಗೆ ಹಾಕಿ ಬಿಡಿಸೋಕೆ ನೋಡಿದ್ದಾರಾ?” ಕಾದ ಬಳೆಯ ಗುರುತು ಹೊಟ್ಟೆಯ ಮೇಲೋ ಕಾಲಿನ ಮೇಲೋ ಕಂಡರೆ ವೈದ್ಯರಿಗೆ ತೋರಿಸಿ, ದಾಖಲಿಸಿ, 1098ಕ್ಕೆ ತಿಳಿಸಿ. ರಾಜ್ಯದಲ್ಲಿ ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ 2017ರ ಕಾಯ್ದೆ ಇದೆ ಎಂದು ಮನೆಯವರಿಗೆ ತಿಳಿಸಿ. “ಎಲ್ಲ ಮಕ್ಕಳಿಗೂ ಹಾಕ್ತಾರೆ” ಎಂಬ ಸಮಜಾಯಿಷಿಗೆ ತಲೆಯಾಡಿಸಬಾರದು.

ಮನೆಯವರೊಡನೆ

ಮಾಡಬೇಕಾದ್ದು

ಮಗುವಿನ ಒಂದು ಒಳ್ಳೆಯ ಗುಣ ಹೇಳಿಸಿಯೇ ಮಾತು ಶುರು ಮಾಡಿ.
ಒಂದು ವಾರಕ್ಕೆ ಒಂದೇ ಕೆಲಸ ಕೊಡಿ. ದಿನಕ್ಕೆ ಹದಿನೈದು ನಿಮಿಷ, ಫೋನ್ ಇಲ್ಲದೆ, ಮಗು ಹೇಳಿದ ಆಟ: ಮೊದಲ ವಾರಕ್ಕೆ ಇಷ್ಟು ಸಾಕು.
ಹಾಗೆ ಮಾಡಬೇಕು ಎಂದಷ್ಟೇ ಹೇಳದೆ, ನೀವು ಮಾಡಿ ತೋರಿಸಿ, ಅವರಿಂದ ಮಾಡಿಸಿ.
ಹೊಡೆಯುತ್ತೀರಾ ಎಂದು ಕೇಳಬೇಡಿ, “ಸಿಟ್ಟು ಬಂದಾಗ ಮನೇಲಿ ಏನಾಗುತ್ತೆ?” ಎಂದು ಕೇಳಿ.
ಅಮ್ಮನ ನಿದ್ದೆ, ಊಟ, ಅಳು ವಿಚಾರಿಸಿ. ಅವರೊಬ್ಬರೇ ಇರುವಾಗ ವಿಚಾರಿಸಿ.
ಮನೆಯಲ್ಲಿ ಕುಡಿತ, ಹೊಡೆತ ಇದೆಯೇ ತಿಳಿಯಿರಿ.
ಶಾಲೆಯಲ್ಲಿ ಹೊಡೆಯುತ್ತಾರೆಂದರೆ ಮನೆಯವರಿಗೆ ಹೇಳಿ: 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ.

ಮಾಡಬಾರದ್ದು

ತಾಯಿಯನ್ನು ದೂರಬಾರದು.
ಅತ್ತೆ ಸೊಸೆ ಜಗಳದಲ್ಲಿ ಪಕ್ಷ ಹಿಡಿಯಬಾರದು.
ಮಗು ಹೇಳಿದ್ದನ್ನೆಲ್ಲ ಅಮ್ಮನಿಗೆ ಒಪ್ಪಿಸಬಾರದು. ದೌರ್ಜನ್ಯದ ಮಾತನ್ನು ಬಿಟ್ಟರೆ, ಜೀವಕ್ಕೆ ಅಪಾಯ ಇರುವುದು ಮಾತ್ರ ಹೇಳಬೇಕಾದ್ದು.
“ನಿಮ್ಮ ಮಗ ಸರಿ ಹೋಗಬೇಕಾದ್ರೆ ಮೊದಲು ನೀವು ಸರಿ ಹೋಗಿ” ಎಂಬ ಬುದ್ಧಿವಾದ ಬೇಡ.
ಮಾತು ತಡವಾದ ಮಗುವಿಗೆ ಮನೆಮಾತು ಬಿಡಿಸಿ ಇಂಗ್ಲಿಷ್ ಒಂದೇ ಆಡಿಸಿ ಎನ್ನಬಾರದು. ಎರಡು ಭಾಷೆ ಕೇಳುವುದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ. ಅಜ್ಜಿಯೊಡನೆ ಇರುವ ಒಂದೇ ಭಾಷೆಯನ್ನು ಕಿತ್ತುಕೊಂಡರೆ ಮಗು ಅಜ್ಜಿಯನ್ನೇ ಕಳೆದುಕೊಳ್ಳುತ್ತದೆ.

ತಾಯಿಯನ್ನು ದೂರುವುದಕ್ಕೆ ದೊಡ್ಡ ಇತಿಹಾಸವೇ ಇದೆ. ಆಟಿಸಂಗೆ ತಾಯಂದಿರ ತಣ್ಣನೆಯ ಮನಸ್ಸು ಕಾರಣ ಎಂಬ ವಾದ 1950–60ರ ದಶಕಗಳ ಅಮೆರಿಕದಲ್ಲಿ ದೊಡ್ಡ ತಜ್ಞರ ಬಾಯಲ್ಲೇ ಓಡಾಡಿತು, ಆಮೇಲೆ ಸುಳ್ಳೆಂದು ಬಿದ್ದುಹೋಯಿತು. ನಮ್ಮಲ್ಲಿ ಅದು ‘ನೌಕರಿ ಮಾಡೋ ತಾಯಿ’ ಎಂಬ ವೇಷದಲ್ಲಿ ಇನ್ನೂ ಬದುಕಿದೆ. ಕೆಲವೊಮ್ಮೆ ವರದಿಯ ಮೊದಲ ಪ್ಯಾರಾದಲ್ಲೇ ಇರುತ್ತದೆ.

ಕಾಯುವಂತಿಲ್ಲ

ಈ ಚಿಹ್ನೆಗಳು ಕಂಡರೆ ಅದೇ ವಾರ ಕಳಿಸಿಕೊಡಿ:

ಒಂದು ವರ್ಷ ದಾಟಿದರೂ ಹೆಸರು ಕರೆದರೆ ತಿರುಗುವುದಿಲ್ಲ.
ಒಂದೂವರೆ ವರ್ಷವಾದರೂ ಒಂದು ಪದ ಇಲ್ಲ.
ಎರಡು ವರ್ಷವಾದರೂ ಎರಡು ಪದ ಕೂಡಿಸುವುದಿಲ್ಲ.
ಬಂದಿದ್ದ ಮಾತು, ನಗು, ನೋಟ ಹಿಂದಕ್ಕೆ ಹೋಗಿದೆ. ವಯಸ್ಸು ಎಷ್ಟೇ ಇರಲಿ.

ಕಳಿಸುವ ಜಾಗಗಳು: ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿರುವ ಶೀಘ್ರ ಮಧ್ಯಸ್ಥಿಕೆ ಕೇಂದ್ರ, ಮಾತಿಗೂ ಕಿವಿಗೂ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗ, ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಯಾವ ವಾರ ನಡೆಯುತ್ತದೆಂದು ವಿಚಾರಿಸಿಟ್ಟುಕೊಳ್ಳಿ. ಬರಿಯ ಹೆಸರು ಹೇಳಿ ಕಳಿಸುವುದು ಬೇಡ. ಪತ್ರ ಬರೆದುಕೊಡಿ, ಯಾವ ಬಸ್ಸು, ಎಷ್ಟು ಹೊತ್ತಿಗೆ ಚೀಟಿ ಮಾಡಿಸಬೇಕು ಎಂಬುದನ್ನೂ ಬರೆಯಿರಿ.

“ಇವರ ತಾತನೂ ತಡವಾಗೇ ಮಾತಾಡಿದ್ದು” ಎಂದು ಮನೆಯವರು ಹೇಳುತ್ತಾರೆ. ಇರಬಹುದು. ತಾತನ ಹೆಸರಿನಲ್ಲಿ ಮಗುವಿನ ಎರಡು ವರ್ಷ ಕಳೆಯಬಾರದು.

ಹೆಸರಿಡುವುದು, ಅಳೆಯುವುದು, ಮಾತ್ರೆ

ಮಾಡಬೇಕಾದ್ದು

ಗಮನ ಕೊರತೆ, ಅತಿಚಟುವಟಿಕೆ ಎನ್ನುವ ಮೊದಲು ಮನೆ, ಶಾಲೆ ಎರಡೂ ಕಡೆಯಿಂದ ಕೇಳಿ, ಆರು ತಿಂಗಳಿನಿಂದ ಇದೆಯೇ ನೋಡಿ.
ಪುಟ್ಟ ಮಕ್ಕಳ ಅತಿಚಟುವಟಿಕೆಗೆ ಮೊದಲು ತಂದೆತಾಯಿಗೆ ತರಬೇತಿ ಕೊಡಿ.
ಪರೀಕ್ಷೆಯನ್ನು ಮಗುವಿನ ಭಾಷೆಯಲ್ಲೇ ಮಾಡಿ. ಹಸಿದಿದ್ದರೆ, ನಿದ್ದೆಗೆಟ್ಟಿದ್ದರೆ ಇನ್ನೊಂದು ದಿನ ಮಾಡಿ.
ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಅರ್ಹತೆ ಇದ್ದರೆ ದಾರಿ ತೋರಿಸಿ. 2016ರ ಕಾಯ್ದೆಯ 21 ವೈಕಲ್ಯಗಳಲ್ಲಿ ಆಟಿಸಂ, ಕಲಿಕಾ ನ್ಯೂನತೆ ಎರಡೂ ಇವೆ.

ಮಾಡಬಾರದ್ದು

ಐದು ವರ್ಷ ತುಂಬದ ಮಗು ಹಾಸಿಗೆ ಒದ್ದೆ ಮಾಡುವುದಕ್ಕೆ ಕಾಯಿಲೆಯ ಹೆಸರು ಬೇಡ.
ಶಾಲೆ ಸೇರಿದ ಮೊದಲ ತಿಂಗಳ ಮೌನಕ್ಕೂ ಬೇಡ.
ಬುದ್ಧಿ ಸೂಚ್ಯಂಕದ ಒಂದು ಅಂಕಿ ನೋಡಿ ಮಗುವಿನ ಭವಿಷ್ಯ ಹೇಳಬಾರದು. ಕಾಮತರು 1930ರ ದಶಕದಲ್ಲಿ ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದ ಬಿನೆ ಪರೀಕ್ಷೆ ಇಂದಿಗೂ ಬೀರುವಿನಲ್ಲಿದೆ. ಅದರ ಪ್ರಶ್ನೆ ಕೇಳುವಾಗ ಪರೀಕ್ಷೆಯ ವಯಸ್ಸು ನೆನಪಿರಲಿ.
ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಿ ಎನ್ನಬಾರದು. ಮೂರ್ಛೆರೋಗದ ಮಾತ್ರೆ ತಟ್ಟನೆ ನಿಲ್ಲಿಸಿದರೆ ಫಿಟ್ಸ್ ನಿಲ್ಲದೆ ಬಂದು ಮಗು ಸಾಯಬಹುದು.
ಆಟಿಸಂಗೆ ಸ್ಟೆಮ್ ಸೆಲ್ ಮಾಡಿಸಿ ಎಂದು ದಾರಿ ತೋರಿಸಬಾರದು. ಹೊಲ ಅಡವಿಟ್ಟು ದುಡ್ಡು ತರುತ್ತಾರೆ.
ಗೊತ್ತಿಲ್ಲದ್ದಕ್ಕೆ ಊಹೆಯ ಉತ್ತರ ಬೇಡ. “ಕೇಳಿ ಹೇಳ್ತೀನಿ” ಸಾಕು.

ಸಾಯುವ ಮಾತು ಬಂದರೆ

ಎಂಟು ವರ್ಷದ ಮಗುವೂ ಹೇಳುತ್ತದೆ. ಅಮ್ಮನೂ ಹೇಳುತ್ತಾರೆ. ಎರಡನ್ನೂ ನಂಬಿ.

ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ. ಇದ್ದರೆ ಹೊರಗೆ ಬರುತ್ತದೆ. ಹೇಗೆ ಎಂದೂ ಕೇಳಿ. ಮನೆಯಲ್ಲಿ ಕೀಟನಾಶಕ, ಇಲಿಪಾಷಾಣ, ಅಜ್ಜನ ಮಾತ್ರೆ ಡಬ್ಬಿ ಎಲ್ಲಿವೆ ಎಂದು ಕೇಳಿ, ಅವತ್ತೇ ಬೀಗದೊಳಗೆ ಇಡಿಸಿ. ಹೊಲಕ್ಕೆ ಹೊಡೆಯುವ ಔಷಧಿ ಮನೆಯಿಂದಲೇ ಹೊರಹೋಗಲಿ. ಒಬ್ಬರೇ ಇರಲು ಬಿಡಬೇಡಿ ಎಂದು ಮನೆಯವರಿಗೆ ಹೇಳಿ. ಮನೋವೈದ್ಯರಿಗೆ ಅದೇ ದಿನ ತೋರಿಸಿ. 14416 ಟೆಲಿ ಮಾನಸ್. 2022ರ ಅಕ್ಟೋಬರ್ 10ರಿಂದ ಇದೆ, ಹಗಲೂ ರಾತ್ರಿ ನಡೆಯುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ. ತುರ್ತಿಗೆ 112.

“ಹಾಗೆಲ್ಲ ಮಾತಾಡಬಾರದು” ಎಂದು ಬಾಯಿ ಮುಚ್ಚಿಸಬಾರದು. “ಇನ್ನು ಮೇಲೆ ಹೇಳಲ್ಲ ಅಂತ ಆಣೆ ಮಾಡು” ಬೇಡ. ಮಗು ಆಣೆ ಉಳಿಸಿಕೊಳ್ಳುತ್ತದೆ: ಹೇಳುವುದನ್ನು ನಿಲ್ಲಿಸುತ್ತದೆ.

ಅಮ್ಮನನ್ನು ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ಹಾಲು ಕುಡಿಯುವ ಕೂಸನ್ನು ಏನು ಮಾಡುವುದು ಎಂದು ಮನೆಯವರು ಹಿಂಜರಿಯುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ತಾಯಿಯಿಂದ ಬೇರೆ ಮಾಡುವಂತಿಲ್ಲ ಎಂದು ತಿಳಿಸಿ. ಮಗುವನ್ನೇ ಸೇರಿಸಬೇಕಾದರೆ ಅದು ಕೊನೆಯ ದಾರಿ: ಇಬ್ಬರು ತಜ್ಞರು ಬೇರೆಬೇರೆಯಾಗಿ ನೋಡಿರಬೇಕು, ದೊಡ್ಡವರ ವಾರ್ಡಿನಲ್ಲಿ ಇಡಬಾರದು, ಮನೆಯವರೊಬ್ಬರು ಹಗಲಿರುಳೂ ಜೊತೆಗಿರಬೇಕು.

ಫೈಲು, ಫೋನು, ಕೋರ್ಟು

ಫೈಲಿಗೆ ಬೀಗ ಹಾಕಿ.
ಶಾಲೆಗೆ ವರದಿ ಕೊಡುವ ಮೊದಲು ತಂದೆತಾಯಿಯ ಸಹಿ ತೆಗೆದುಕೊಳ್ಳಿ, ಶಾಲೆಗೆ ಬೇಕಾದಷ್ಟೇ ಬರೆಯಿರಿ.
ಆನ್‌ಲೈನ್ ಭೇಟಿಯಲ್ಲಿ ಪರದೆಯ ಹಿಂದೆ ಯಾರಿದ್ದಾರೆಂದು ಮೊದಲು ಕೇಳಿ.
ಮಗುವಿನ ಚಿತ್ರ, ದನಿ, ಅದು ಬಿಡಿಸಿದ ಬಣ್ಣದ ಹಾಳೆ ಯಾವುದನ್ನೂ ವಾಟ್ಸ್‌ಆ್ಯಪ್‌ಗೆ, ಇನ್‌ಸ್ಟಾಗ್ರಾಂಗೆ ಹಾಕಬಾರದು. ಮುಖ ಮಸುಕು ಮಾಡಿದರೂ ಬೇಡ. ಊರಿನವರು ಯೂನಿಫಾರ್ಮ್ ನೋಡಿ ಗುರುತು ಹಿಡಿಯುತ್ತಾರೆ.
ಸಹೋದ್ಯೋಗಿಗಳ ಗುಂಪಿನಲ್ಲಿ ‘ಇಂಟರೆಸ್ಟಿಂಗ್ ಕೇಸ್’ ಬೇಡ.
ವಿಚ್ಛೇದನದ ಜಗಳದಲ್ಲಿ “ಮಗು ನನ್ನ ಜೊತೆ ಇದ್ರೆ ಒಳ್ಳೇದು ಅಂತ ಬರ್ಕೊಡಿ” ಎನ್ನುವವರಿಗೆ ಬರೆದುಕೊಡಬಾರದು. ಚಿಕಿತ್ಸೆ ಕೊಡುವವರು ತೀರ್ಪಿನ ಸಲಹೆ ಕೊಡಬಾರದು. ನ್ಯಾಯಾಲಯ ದಾಖಲೆ ಕೇಳಿದರೆ ಕೇಳಿದ್ದಷ್ಟನ್ನು ಕೊಡಿ.
ಹಳೆಯ ಟಿಪ್ಪಣಿ ತಿದ್ದಬಾರದು. ತಪ್ಪಿದ್ದರೆ ಕೆಳಗೆ ಹೊಸ ದಿನಾಂಕ ಹಾಕಿ ಬರೆಯಿರಿ.

ನಿಮ್ಮ ವಿಷಯ

ವಾರಕ್ಕೊಮ್ಮೆ ಹಿರಿಯರೊಬ್ಬರ ಮುಂದೆ ನಿಮ್ಮ ಕೆಲಸ ಒಪ್ಪಿಸಿ. ರಾತ್ರಿ ಒಂದು ಮಗುವಿನ ಮುಖ ಬಿಡದೆ ಕಾಡಿದರೆ ಮರುದಿನವೇ ಹೇಳಿ. ಸಿಟ್ಟು ಬಂದ ದಿನ ಕೊಠಡಿಗೆ ಹೋಗಬಾರದು. ಮಗುವನ್ನು ಮನೆಗೆ ಕರೆದೊಯ್ಯಬಾರದು. “ನೀವೇ ಇದರ ಅಮ್ಮ ಇದ್ದ ಹಾಗೆ” ಎಂಬ ಹೊಗಳಿಕೆ ಒಪ್ಪಿಕೊಳ್ಳಬಾರದು.

ಬಿಟ್ಟು ಹೋಗುವಾಗ

ತರಬೇತಿ ಮುಗಿಯುತ್ತದೆ, ವರ್ಗವಾಗುತ್ತದೆ, ಬೇರೆ ಕೆಲಸ ಸಿಗುತ್ತದೆ. ಶುಕ್ರವಾರ ಇದ್ದವರು ಸೋಮವಾರ ಇರುವುದಿಲ್ಲ. ಮಗು ಬಂದು ಖಾಲಿ ಕುರ್ಚಿ ನೋಡುತ್ತದೆ. ಅದರ ಬದುಕಿನಲ್ಲಿ ಹೇಳದೆ ಹೋದವರು ಈಗಾಗಲೇ ಇರುತ್ತಾರೆ. ಆ ಸಾಲಿಗೆ ನೀವು ಸೇರಬಾರದು.

ನಾಲ್ಕು ಭೇಟಿ ಮುಂಚೆ ಹೇಳಿ.
ಕ್ಯಾಲೆಂಡರಿನಲ್ಲಿ ಕೊನೆಯ ದಿನಕ್ಕೆ ಮಗುವಿನ ಕೈಯಲ್ಲೇ ಗುರುತು ಹಾಕಿಸಿ.
ಮುಂದೆ ನೋಡುವವರನ್ನು ಆಟದ ಕೊಠಡಿಯಲ್ಲೇ ಪರಿಚಯಿಸಿ.
ಅಳು ಬಂದರೆ ಅಳಲಿ. ಸುಮ್ಮನಾಗಿಸುವುದು ಬೇಡ.
“ಮತ್ತೆ ಬರ್ತೀನಿ” ಎಂಬ ಸುಳ್ಳು ಬೇಡ.
ಫೋನ್ ನಂಬರು ಕೊಡುವುದು ಬೇಡ.
ಮುಂದಿನವರ ಹೆಸರು, ಭೇಟಿಯ ದಿನಾಂಕ ಎರಡನ್ನೂ ಫೈಲಿನಲ್ಲಿ ಬರೆಯದೆ ಕೊಠಡಿಯ ಬೀಗದ ಕೈ ಒಪ್ಪಿಸಬಾರದು.